ಎರಡು ರಿಪೋರ್ಟು, ಒಂದೇ ಬೆನ್ನೆಲುಬು

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ ಎರಡು ಲಕೋಟೆಗಳು ಅಕ್ಕಪಕ್ಕ ಬಿದ್ದಿದ್ದವು. ಎರಡರೊಳಗೂ ಇದ್ದದ್ದು ಅಮ್ಮನ ಬೆನ್ನೆಲುಬು. ಒಂದು ಠಾಣೆಯ ಲ್ಯಾಬಿನದು, ಇನ್ನೊಂದು ದಾದರಿನದು. ನಡುವೆ ಐದು ವಾರಗಳ ಅಂತರ. ಠಾಣೆಯವರು ಅಮ್ಮನ ಟಿ-ಸ್ಕೋರು ಮೈನಸ್ 2.3 ಎಂದಿದ್ದರು. ದಾದರಿನವರು ಮೈನಸ್ 2.7 ಎಂದಿದ್ದರು. ಮೈನಸ್ 2.5ರಲ್ಲಿ ಒಂದು ಗೆರೆ ಇದೆ. 1994ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ಎಳೆದ ಗೆರೆ ಅದು. ಗೆರೆಯಿಂದ ಈಚೆಗಿದ್ದರೆ 'ಮೂಳೆ ಸ್ವಲ್ಪ ಸವೆದಿದೆ', ಆಚೆಗೆ ಹೋದರೆ 'ಆಸ್ಟಿಯೋಪೊರೋಸಿಸ್'. ಅಂದರೆ ಠಾಣೆಯಲ್ಲಿ ಅಮ್ಮನಿಗೆ ರೋಗವಿರಲಿಲ್ಲ, ದಾದರಿನಲ್ಲಿ ಇತ್ತು.

"ಎಂತ ಮಗಾ, ಐದ್ ವಾರದಗೆ ನನ್ನ್ ಮೂಳಿ ಕರ್ಗಿ ಹೋಯ್ತಾ?" ಎಂದು ಅಮ್ಮ ಕೇಳಿದಳು. ಕುಂದಾಪುರ ಬಿಟ್ಟು ನಲವತ್ತೈದು ವರ್ಷವಾದರೂ ಹೆದರಿಕೆಯಾದಾಗ ಅವಳಿಗೆ ಊರಿನ ಮಾತೇ ಬರುವುದು.

ನಾನು ಎಂಟೆಕ್ ಓದಿದವನು ಎನ್ನುವ ಧೈರ್ಯದಲ್ಲಿ ಕನ್ನಡಕ ಹಾಕಿಕೊಂಡು ಎರಡೂ ರಿಪೋರ್ಟುಗಳನ್ನು ಪೂರ್ತಿ ಓದಿದೆ. ಓದಿದ ಮೇಲೆ ಗೊಂದಲ ಹೆಚ್ಚಾಯಿತು. ಟಿ-ಸ್ಕೋರಿನ ಪಕ್ಕದಲ್ಲಿ ಮೂಲ ಅಳತೆಯೂ ಇರುತ್ತದೆ, ಚದರ ಸೆಂಟಿಮೀಟರಿಗೆ ಎಷ್ಟು ಗ್ರಾಂ ಖನಿಜ ಎಂದು. ಠಾಣೆಯಲ್ಲಿ ಅದು 0.794. ದಾದರಿನಲ್ಲಿ 0.856. ಮೂಳೆ ಸುಮಾರು ಶೇಕಡಾ 8ರಷ್ಟು ಹೆಚ್ಚಾಗಿದೆ, ಆದರೆ ರೋಗ ಉಲ್ಬಣಿಸಿದೆ! ಆಫೀಸಿನಲ್ಲಿ ಯಾರಾದರೂ ನನ್ನ ಮುಂದೆ ಇಂಥ ಎರಡು ಅಂಕಿ ಇಟ್ಟಿದ್ದರೆ ಇಬ್ಬರಲ್ಲಿ ಒಬ್ಬ ಸುಳ್ಳು ಹೇಳುತ್ತಿದ್ದಾನೆ ಎಂದು ಆ ಕ್ಷಣವೇ ತೀರ್ಮಾನಿಸುತ್ತಿದ್ದೆ. ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಅದು ಅರ್ಥವಾಗಲು ನನಗೆ ಹಲವು ರಾತ್ರಿಗಳು ಬೇಕಾದವು. ಅರ್ಥವಾದ ಮೇಲೆ ಬೇರೆಯದೇ ಒಂದು ಪ್ರಶ್ನೆ ಹಿಡಿದುಕೊಂಡಿತು, ಈ ಬರಹ ಅದರದು. ಸುಳ್ಳು ಹೇಳದಿದ್ದರೆ ಸಾಕೇ?

ಮೊದಲು ಯಂತ್ರದ ವಿಚಾರ. ಈ ಪರೀಕ್ಷೆಯನ್ನು ಡೆಕ್ಸಾ ಎನ್ನುತ್ತಾರೆ. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ಕಿರಣಗಳನ್ನು ದೇಹದ ಮೂಲಕ ಹಾಯಿಸುತ್ತಾರೆ. ಮಾಂಸ, ಕೊಬ್ಬು ಎರಡನ್ನೂ ಹೆಚ್ಚುಕಡಿಮೆ ಒಂದೇ ಬಗೆಯಲ್ಲಿ ತಡೆಯುತ್ತವೆ. ಮೂಳೆಯ ಕ್ಯಾಲ್ಸಿಯಂ ಮಾತ್ರ ಕಡಿಮೆ ಶಕ್ತಿಯ ಕಿರಣವನ್ನು ಹೆಚ್ಚು ನುಂಗುತ್ತದೆ. ಎರಡರ ವ್ಯತ್ಯಾಸದಿಂದ ಮೂಳೆಯ ಪಾಲನ್ನು ಬೇರ್ಪಡಿಸಿ ಲೆಕ್ಕ ಹಾಕುತ್ತಾರೆ. ಕಿರಣದ ಪ್ರಮಾಣ ತೀರಾ ಕಡಿಮೆ, ಎದೆಯ ಒಂದು ಎಕ್ಸ್-ರೇಗಿಂತಲೂ ಕಡಿಮೆಯೇ. ಇಷ್ಟರವರೆಗೆ ಎಲ್ಲ ಯಂತ್ರಗಳೂ ಅಣ್ಣತಮ್ಮಂದಿರು. ಮುಂದೆ ದಾಯಾದಿಗಳು. ಮೂಳೆಯ ಅಂಚು ಎಲ್ಲಿ ಮುಗಿಯಿತು, ಮಾಂಸ ಎಲ್ಲಿ ಶುರುವಾಯಿತು ಎಂದು ತೀರ್ಮಾನಿಸುವ ತಂತ್ರಾಂಶ ಒಂದೊಂದು ಕಂಪನಿಯದು ಒಂದೊಂದು ಬಗೆ. ಮೂಲ ಮಾಪಾಂಕನವೂ ಬೇರೆ. ಈ ವ್ಯವಹಾರದ ಎರಡು ದೊಡ್ಡ ಕಂಪನಿಗಳಾದ ಹೋಲಾಜಿಕ್ ಮತ್ತು ಜಿಇ ಲೂನಾರ್ ಯಂತ್ರಗಳಲ್ಲಿ ಒಬ್ಬರದೇ ಬೆನ್ನೆಲುಬು ಅಳೆದರೆ ಲೂನಾರ್ ಶೇಕಡಾ 10ಕ್ಕಿಂತಲೂ ಹೆಚ್ಚು ತೋರಿಸುತ್ತದೆ. ಇದು ದೋಷವಲ್ಲ, ಎಲ್ಲರಿಗೂ ಗೊತ್ತಿರುವ ಸಂಗತಿ. ಎಲ್ಲರಿಗೂ ಅಂದರೆ ಆ ವೃತ್ತಿಯವರಿಗೆ. ಲಕೋಟೆ ಹಿಡಿದುಕೊಂಡು ಲೋಕಲ್ ಹತ್ತುವವರಿಗಲ್ಲ.

ಟಿ-ಸ್ಕೋರು ಇನ್ನೂ ಸ್ವಾರಸ್ಯದ್ದು. ಅದು ಅಮ್ಮನ ಮೂಳೆಯ ಅಳತೆಯೇ ಅಲ್ಲ. ಯಂತ್ರದೊಳಗೆ ಆರೋಗ್ಯವಂತ ಯುವತಿಯರ ಒಂದು ಸರಾಸರಿ ಕೂತಿರುತ್ತದೆ. ಅಮ್ಮ ಆ ಸರಾಸರಿಯಿಂದ ಎಷ್ಟು ಮೆಟ್ಟಿಲು ಕೆಳಗಿದ್ದಾಳೆ ಎಂಬುದು ಟಿ-ಸ್ಕೋರು. ಆ ಯುವತಿಯರು ಯಾರು? ಸಾಮಾನ್ಯವಾಗಿ ಅಮೆರಿಕದವರು. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2010ರಲ್ಲಿ ಭಾರತೀಯರದೇ ಒಂದು ಮಾನದಂಡ ಪ್ರಕಟಿಸಿತು. ಅದನ್ನು ಹಾಕಿದರೆ ಇದೇ ಮೂಳೆಗೆ ಇನ್ನೊಂದು ಅಂಕಿ ಬರುತ್ತದೆ. ಕುಂದಾಪುರದ ಗದ್ದೆಯಲ್ಲಿ ನಾಟಿ ಮಾಡಿ, ಮದುವೆಯಾಗಿ ಡೊಂಬಿವಲಿಯ ಚಾಳಿನ ನಾಲ್ಕನೇ ಮಹಡಿಗೆ ನೀರು ಹೊತ್ತ ಹೆಂಗಸು ತಾನು ಕಾಣದ ಯಾವುದೋ ದೇಶದ ಹುಡುಗಿಯರೊಡನೆ ಓಟಕ್ಕೆ ನಿಂತಿದ್ದಳು, ಅದೂ ಎಪ್ಪತ್ತೊಂದನೇ ವಯಸ್ಸಿನಲ್ಲಿ.

ಅಂಕಿಗಳ ಜಗಳ ಅಷ್ಟಕ್ಕೇ ಮುಗಿಯಲಿಲ್ಲ. ರಿಪೋರ್ಟಿನ ಚಿತ್ರವನ್ನು ನೋಡಿದಾಗ ಗೊತ್ತಾಯಿತು, ಠಾಣೆಯವರು ಸೊಂಟದ ಭಾಗದ ನಾಲ್ಕೂ ಕಶೇರುಕಗಳನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದರು. ದಾದರಿನವರು ಮೂರನೆಯದನ್ನು ಬಿಟ್ಟಿದ್ದರು. ವಯಸ್ಸಾದವರ ಬೆನ್ನೆಲುಬಿನಲ್ಲಿ ಸವೆತದಿಂದ ಮೂಳೆಯ ಮುಳ್ಳುಗಳು ಬೆಳೆದಿರುತ್ತವೆ. ಯಂತ್ರ ಆ ಮುಳ್ಳುಗಳನ್ನೂ ಗಟ್ಟಿ ಮೂಳೆ ಎಂದೇ ಎಣಿಸಿ ಅಂಕಿಯನ್ನು ಏರಿಸುತ್ತದೆ. ಅನುಭವಿ ತಂತ್ರಜ್ಞರು ಅಂಥದ್ದನ್ನು ಬಿಡುತ್ತಾರೆ. ಬಿಡುವುದೂ ನಿಯಮವೇ, ಎಲ್ಲಿ ಬಿಡಬೇಕೆಂಬುದು ಕಣ್ಣಿನ ಅಂದಾಜು. ಹೀಗೆ ಎರಡು ಪ್ರಾಮಾಣಿಕ ಲ್ಯಾಬುಗಳು ಒಂದೇ ಬೆನ್ನೆಲುಬಿನಿಂದ ಎರಡು ಬೆನ್ನೆಲುಬು ಮಾಡಿದ್ದವು.

ಮೂಳೆ ಸಾಂದ್ರತೆ ಅಳೆಯುವವರ ಅಂತರರಾಷ್ಟ್ರೀಯ ಸಂಸ್ಥೆಯೊಂದಿದೆ. ಅದರ ಮಾತು ಸ್ಪಷ್ಟ. ಎರಡು ಕೇಂದ್ರಗಳ ಯಂತ್ರಗಳನ್ನು ಒಂದಕ್ಕೊಂದು ತಾಳೆ ಹಾಕಿರದಿದ್ದರೆ ಅವುಗಳ ಅಂಕಿಗಳನ್ನು ಹೋಲಿಸಲೇಬಾರದು. ಯಂತ್ರ ಬದಲಾಗಿ ಬೇರೆ ಕಂಪನಿಯದು ಬಂದರೆ 30 ಜನರನ್ನು ಹಳತರಲ್ಲೂ ಹೊಸತರಲ್ಲೂ 60 ದಿನಗಳೊಳಗೆ ಅಳೆದು ಸಂಬಂಧ ಕಂಡುಹಿಡಿಯಬೇಕು. ಒಂದೇ ಯಂತ್ರದಲ್ಲಿ, ಒಂದೇ ಲ್ಯಾಬಿನಲ್ಲಿ ಅಳೆದರೂ ಬೆನ್ನೆಲುಬಿನ ಅಂಕಿ ಶೇಕಡಾ 5.3ರವರೆಗೆ ಅತ್ತಿತ್ತ ಆದರೆ ಅದನ್ನು ಬದಲಾವಣೆ ಎನ್ನಬಾರದು, ಅದು ಮಲಗಿದ ಭಂಗಿ, ಕೈಯ ಅಳುಕು, ಯಂತ್ರದ ಉಸಿರಾಟ. ಒಳ್ಳೆಯ ಲ್ಯಾಬುಗಳಿಗೂ ಇಷ್ಟು ವಿನಾಯಿತಿ. ಕಡಿಮೆ ಒಳ್ಳೆಯ ಲ್ಯಾಬುಗಳು ತಮ್ಮ ವಿನಾಯಿತಿ ಎಷ್ಟೆಂದು ಲೆಕ್ಕ ಹಾಕಿರುವುದೇ ಇಲ್ಲ.

ಇದನ್ನೆಲ್ಲ ಅಮ್ಮನಿಗೆ ನನಗೆ ತಿಳಿದಂತೆ ವಿವರಿಸಿದೆ. ಅವಳು ಹೆಚ್ಚು ಹೊತ್ತು ಕೇಳಲಿಲ್ಲ. "ಅಂದ್ರೆ ಸೇರಿನ ಕಥಿ" ಅಂದಳು.

ಅವಳು ಹೇಳಿದ್ದು ಇದು. ಅವಳ ಚಿಕ್ಕಂದಿನಲ್ಲಿ ಗೇಣಿ ಅಕ್ಕಿ ಅಳೆಯುವ ದಿನ ಒಡೆಯರ ಮನೆಯ ಚಾವಡಿಯಲ್ಲಿ ಎರಡು ಸೇರುಗಳಿದ್ದವಂತೆ. ತೆಗೆದುಕೊಳ್ಳುವುದಕ್ಕೆ ಒಂದು, ಕೊಡುವುದಕ್ಕೆ ಒಂದು. ಎರಡೂ ಸೇರೇ. ಎರಡರ ಮೇಲೂ ಹಿತ್ತಾಳೆಯ ಪಟ್ಟಿ. ಅಜ್ಜಯ್ಯ ಒಮ್ಮೆ ಕೇಳಿದ್ದಕ್ಕೆ, "ಇದು ನಮ್ಮ ಮನೆಯ ಸೇರು, ನಮ್ಮ ಅಜ್ಜನ ಕಾಲದ್ದು" ಎಂದು ಉತ್ತರ ಬಂದಿತಂತೆ. ಕರಾವಳಿಯಲ್ಲಿ ಊರಿಂದ ಊರಿಗೆ ಮುಡಿಯ ಲೆಕ್ಕ ಬೇರೆಯಾಗುತ್ತಿತ್ತು, ಘಟ್ಟದ ಮೇಲೆ ಕಚ್ಚಾ ಸೇರು ಪಕ್ಕಾ ಸೇರು ಎಂದು ಎರಡಿದ್ದವು. 1956ರ ಕಾನೂನು ಬಂದು, 1958ರ ಅಕ್ಟೋಬರ್ 1ರಿಂದ ಕಿಲೋ ಹಂತಹಂತವಾಗಿ ಕಾಲಿಟ್ಟರೂ ಹಳ್ಳಿಯ ಚಾವಡಿಗೆ ಅದು ತಲುಪುವುದಕ್ಕೆ ಬಹಳ ವರ್ಷ ಹಿಡಿಯಿತು.

ಅಮ್ಮನ ಹೋಲಿಕೆ ಸರಿಯೆನಿಸಿದರೂ ಒಂದು ವ್ಯತ್ಯಾಸ ಇತ್ತು. ಒಡೆಯರಿಗೆ ಎರಡು ಸೇರುಗಳ ವಿಷಯ ಗೊತ್ತಿತ್ತು. ಅದು ಮೋಸ. ಲ್ಯಾಬಿನವರದು ಮೋಸವಲ್ಲ. ಪ್ರತಿಯೊಬ್ಬರ ಹತ್ತಿರವೂ ಇರುವುದು ಒಂದೇ ಸೇರು, ಅದರಲ್ಲೇ ಕೊಡುತ್ತಾರೆ, ಅದರಲ್ಲೇ ತೆಗೆದುಕೊಳ್ಳುತ್ತಾರೆ. ಆದರೆ ಪಕ್ಕದ ಮನೆಯ ಸೇರಿನ ಜೊತೆ ಇಟ್ಟು ನೋಡಿಲ್ಲ. ಇದಕ್ಕೆ ನಮ್ಮಲ್ಲಿ ಏನು ಹೆಸರು? ಮೋಸಕ್ಕೆ ನೂರು ಹೆಸರುಗಳಿವೆ. ತಾಳೆ ನೋಡದ ಪ್ರಾಮಾಣಿಕತೆಗೆ ಹೆಸರಿಲ್ಲ. ಬಹುಶಃ ಅದನ್ನು ನಾವು ತಪ್ಪೆಂದು ಎಣಿಸಿಯೇ ಇಲ್ಲ.

ಎಕ್ಸ್-ಕಿರಣದ ಚರಿತ್ರೆ ಈ ಹೆಸರಿಲ್ಲದ ತಪ್ಪಿನಿಂದಲೇ ಶುರುವಾಗುತ್ತದೆ. ರಾಂಟ್ಗನ್ ಅದನ್ನು ಕಂಡದ್ದು 1895ರ ನವೆಂಬರ್ 8ರಂದು. ಕೆಲವೇ ತಿಂಗಳಲ್ಲಿ ವೈದ್ಯರು ಬಳಸತೊಡಗಿದರು, ಆದರೆ ಅಳೆಯಲು ಏನೂ ಇರಲಿಲ್ಲ. ಎಷ್ಟು ಕೊಟ್ಟೆವು ಎಂದು ತಿಳಿಯಲು ರೋಗಿಯ ಚರ್ಮವನ್ನೇ ನೋಡುತ್ತಿದ್ದರು. ಚರ್ಮ ಕೆಂಪಾದರೆ ಒಂದು ಡೋಸು. ಮೂವತ್ತು ವರ್ಷ ಹತ್ತಿರ ಹತ್ತಿರ ಇದೇ ಮಾನ. ಕೊನೆಗೆ ಜರ್ಮನಿಯ ಆಸ್ಪತ್ರೆಗಳ 'ಕೆಂಪು'ಗಳನ್ನು ಉಪಕರಣದಿಂದ ಅಳೆದು ನೋಡಿದಾಗ ಒಬ್ಬರ ಕೆಂಪಿಗೂ ಇನ್ನೊಬ್ಬರ ಕೆಂಪಿಗೂ ಹಲವು ಪಟ್ಟು ವ್ಯತ್ಯಾಸವಿತ್ತು. 1928ರಲ್ಲಿ ಸ್ಟಾಕ್‌ಹೋಮಿನ ಸಮ್ಮೇಳನದಲ್ಲಿ ರಾಂಟ್ಗನ್ ಹೆಸರಿನ ಮಾನ ಒಪ್ಪಿತವಾಯಿತು. ಕಾಗದದ ಮೇಲೆ ಒಪ್ಪಿದ್ದು ನಿಜಕ್ಕೂ ಒಂದೇ ಆಗಿದೆಯೇ ಎಂದು ನೋಡಲು 1931ರಲ್ಲಿ ಅಮೆರಿಕದ ಲಾರಿಸ್ಟನ್ ಟೇಲರ್ ಎಂಬ ತರುಣ ಭೌತವಿಜ್ಞಾನಿ ತಾನೇ ಕಟ್ಟಿದ ಅಳತೆಯ ಪೆಟ್ಟಿಗೆಯನ್ನು ಹಡಗಿನಲ್ಲಿ ಹೊತ್ತು ಯೂರೋಪಿಗೆ ಹೋದ. ಇಂಗ್ಲೆಂಡಿನ ಟೆಡಿಂಗ್ಟನ್, ಜರ್ಮನಿಯ ಬರ್ಲಿನ್ ಹೀಗೆ ಒಂದೊಂದು ಲ್ಯಾಬಿನ ಪೆಟ್ಟಿಗೆಯ ಪಕ್ಕ ತನ್ನದನ್ನಿಟ್ಟು ಒಂದೇ ಕಿರಣವನ್ನು ಎರಡರಲ್ಲೂ ಹಾಯಿಸಿದ. ತೂಕದ ಕಲ್ಲನ್ನು ಕಂಕುಳಲ್ಲಿಟ್ಟುಕೊಂಡು ಸಂತೆಯಿಂದ ಸಂತೆಗೆ ಹೋದ ಹಾಗೆ. ನನಗೆ ಈ ಚಿತ್ರ ಬಹಳ ಇಷ್ಟ. ಅವನೇನೂ ಹೊಸ ಕಿರಣ ಕಂಡುಹಿಡಿಯಲಿಲ್ಲ, ನೀವು ಮತ್ತು ನಾವು ಒಂದೇ ಮಾತಾಡುತ್ತಿದ್ದೇವೆಯೇ ಎಂದು ಕೇಳಲು ಅಷ್ಟು ದೂರ ಹೋದ.

ಸರಿ, ಎಲ್ಲರೂ ತಾಳೆ ನೋಡಿದರು, ಎಲ್ಲರದೂ ಹೊಂದಿತು ಎಂದುಕೊಳ್ಳೋಣ. ಅಲ್ಲಿಗೆ ನಿಜ ಸಿಕ್ಕಿತೇ? ಇದೂ ಅಷ್ಟು ಸುಲಭವಲ್ಲ. ಎಕ್ಸ್-ಕಿರಣದ್ದೇ ಇನ್ನೊಂದು ಕಥೆ ಇದೆ, ಎಂಟೆಕ್ ದಿನಗಳಲ್ಲಿ ಓದಿದ್ದು. ಆಗ ಪರೀಕ್ಷೆಗೆ ಓದಿದ್ದೆ, ಈಗ ಅದರ ಹೊಟ್ಟೆಯೊಳಗೆ ಏನಿತ್ತೆಂದು ಗೊತ್ತಾಗುತ್ತಿದೆ.

ಸ್ವೀಡನ್ನಿನ ಮಾನ್ನೆ ಸೀಗ್ಬಾನ್ ಎಕ್ಸ್-ಕಿರಣಗಳ ತರಂಗಾಂತರವನ್ನು ಅಳೆಯುವುದರಲ್ಲಿ ಜಗತ್ತಿಗೇ ಗುರು. 1924ರ ಭೌತಶಾಸ್ತ್ರದ ನೊಬೆಲ್ ಅವನಿಗೆ ಸಂದಿತು. ಅವನು 'ಎಕ್ಸ್ ಯೂನಿಟ್' ಎಂಬ ಮಾನವನ್ನು ಮಾಡಿದ. ಕ್ಯಾಲ್ಸೈಟ್ ಹರಳಿನ ಪದರಗಳ ನಡುವಿನ ಅಂತರ ಇಂತಿಷ್ಟು ಎಂದು ಇಟ್ಟುಕೊಂಡು ಅದರಿಂದ ಉಳಿದೆಲ್ಲವನ್ನೂ ಅಳೆಯುವ ಕ್ರಮ. ಆ ಮಾನದಲ್ಲಿ ಅಳೆದ ಲ್ಯಾಬುಗಳೆಲ್ಲ ದಶಾಂಶದ ಎಷ್ಟೋ ಸ್ಥಾನಗಳವರೆಗೆ ಒಂದಕ್ಕೊಂದು ಹೊಂದುತ್ತಿದ್ದವು. ಆದರೆ ಆ ಹರಳಿನ ಅಂತರ ಗೊತ್ತಾಗಿದ್ದಾದರೂ ಹೇಗೆ? ಹರಳಿನ ಸಾಂದ್ರತೆ ಮತ್ತು ಒಂದು ತೂಕದಲ್ಲಿ ಎಷ್ಟು ಅಣುಗಳು ಎಂಬ ಎಣಿಕೆಯಿಂದ. ಆ ಎಣಿಕೆ ಬಂದದ್ದು ಮಿಲಿಕನ್ ಎಣ್ಣೆಯ ಹನಿಗಳಿಂದ ಅಳೆದ ಇಲೆಕ್ಟ್ರಾನಿನ ವಿದ್ಯುದಂಶದಿಂದ. ಮಿಲಿಕನ್ನನಿಗೂ ನೊಬೆಲ್ ಬಂದಿತ್ತು, 1923ರಲ್ಲಿ. ಯಾರು ಅನುಮಾನಿಸುತ್ತಾರೆ?

1925ರಲ್ಲಿ ಕಾಂಪ್ಟನ್ ಮತ್ತು ಡೋನ್ ಹರಳನ್ನು ಬಿಟ್ಟು, ಗಾಜಿನಂಥ ಮೇಲ್ಮೈಯಲ್ಲಿ ಯಂತ್ರದಿಂದ ಕೊರೆದ ಗೆರೆಗಳ ಮೇಲೆ ಎಕ್ಸ್-ಕಿರಣವನ್ನು ಸವರಿದಂತೆ ಹಾಯಿಸಿ ಅಳೆಯುವ ದಾರಿ ತೋರಿಸಿದರು. ಆ ಗೆರೆಗಳನ್ನು ಸೂಕ್ಷ್ಮದರ್ಶಕದಲ್ಲಿ ನೇರವಾಗಿ ಮೀಟರಿನ ಜೊತೆ ಹೋಲಿಸಬಹುದು. ಮುಂದಿನ ವರ್ಷಗಳಲ್ಲಿ ಸೀಗ್ಬಾನನ ಊರಾದ ಉಪ್ಸಲಾದಲ್ಲೇ ಬೆಕ್ಲಿನ್, ಅಮೆರಿಕದಲ್ಲಿ ಬೇರ್ಡನ್ ಈ ದಾರಿಯಲ್ಲಿ ಅಳೆದಾಗ ಎರಡು ದಾರಿಗಳ ಉತ್ತರ ಹೊಂದಲಿಲ್ಲ. ವ್ಯತ್ಯಾಸ ಸಾವಿರಕ್ಕೆ ಎರಡು. ಮೊದಲು ಎಲ್ಲರೂ ಹೊಸದನ್ನೇ ಬೈದರು. ಗೆರೆ ಸರಿಯಿಲ್ಲ, ಹೊಸ ವಿಧಾನದಲ್ಲಿ ಏನೋ ದೋಷವಿದೆ ಎಂದರು. ಕೊನೆಗೆ ಸಿಕ್ಕಿಬಿದ್ದದ್ದು ಮಿಲಿಕನ್ ಬಳಸಿದ್ದ ಗಾಳಿಯ ಸ್ನಿಗ್ಧತೆಯ ಅಂಕಿ. ಅದು ಕೊಂಚ ಕಡಿಮೆ ಇತ್ತು. ಅದರಿಂದ ಇಲೆಕ್ಟ್ರಾನಿನ ವಿದ್ಯುದಂಶ ಶೇಕಡಾ 0.6ರಷ್ಟು ಕಡಿಮೆ ಬಂತು, ಘನಮೂಲದ ಲೆಕ್ಕದಲ್ಲಿ ಹರಳಿನ ಅಂತರ ಶೇಕಡಾ 0.2ರಷ್ಟು ಕಡಿಮೆಯಾಯಿತು, ಅದರ ಮೇಲೆ ಕಟ್ಟಿದ ಪ್ರತಿಯೊಂದು ತರಂಗಾಂತರವೂ ಅಷ್ಟೇ ಕಡಿಮೆಯಾಯಿತು. ಲ್ಯಾಬುಗಳೆಲ್ಲ ಒಂದಕ್ಕೊಂದು ಹೊಂದುತ್ತಿದ್ದವು, ಯಾಕೆಂದರೆ ಎಲ್ಲರೂ ಒಂದೇ ಬಾವಿಯಿಂದ ನೀರು ಸೇದುತ್ತಿದ್ದರು.

ಹಾಗಾದರೆ ತಾಳೆ ನೋಡುವುದರಿಂದ ಪ್ರಯೋಜನವೇನು ಎಂದು ಕೇಳಬಹುದು. ನನ್ನ ಮಟ್ಟಿಗೆ ಉತ್ತರ ಹೀಗೆ. ಎಲ್ಲರೂ ಹೊಂದಿದರೆಂಬ ಕಾರಣಕ್ಕೆ ನಿಜ ಸಿಕ್ಕಿತು ಎನ್ನಲಾಗದು. ಹೊಂದದಿದ್ದರೆ ಮಾತ್ರ ಒಂದು ಖಾತ್ರಿ: ಎಲ್ಲೋ ಒಬ್ಬರಾದರೂ ತಪ್ಪಿದ್ದೇವೆ. ತಾಳೆ ನೋಡುವುದು ನಿಜವನ್ನು ಕೈಗೆ ಕೊಡುವುದಿಲ್ಲ, ತಪ್ಪಿಗೆ ಅಡಗಿಕೊಳ್ಳುವ ಜಾಗಗಳನ್ನು ಒಂದೊಂದಾಗಿ ಕಡಿಮೆ ಮಾಡುತ್ತದೆ. ಬೇರೆ ಬಾವಿಯಿಂದ ಸೇದಿದವನು ಬಂದಾಗ ಅವನನ್ನು ಬೈದು ಓಡಿಸದಿದ್ದರೆ ಇನ್ನೂ ಸ್ವಲ್ಪ ಕಡಿಮೆ ಮಾಡುತ್ತದೆ.

ಈ ಕೆಲಸ ನಮ್ಮ ಮುಂಬಯಿಯಲ್ಲೇ ನಡೆಯುತ್ತದೆ ಎಂಬುದು ನಮ್ಮಲ್ಲಿ ಹಲವರಿಗೆ ಗೊತ್ತಿಲ್ಲ. ಹಾರ್ಬರ್ ಲೈನಿನಲ್ಲಿ ಮಾನ್‌ಖುರ್ದ್ ದಾಟಿ ಖಾಡಿಯ ಸೇತುವೆ ಹತ್ತುವ ಮೊದಲು ಬಲಕ್ಕೆ ಟ್ರಾಂಬೆಯ ಗುಡ್ಡ ಕಾಣುತ್ತದಲ್ಲ, ಅದರ ಮಗ್ಗುಲಲ್ಲಿರುವ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ. ವಿಕಿರಣದ ಅಳತೆಯ ವಿಷಯದಲ್ಲಿ ಈ ದೇಶದ ಮೂಲ ಸೇರು ಇರುವುದು ಅಲ್ಲಿಯೇ. ಅದನ್ನು ಅವರು ಪ್ಯಾರಿಸ್ ಬಳಿಯ ಸೇವ್ರ್‌ನಲ್ಲಿರುವ ಅಂತರರಾಷ್ಟ್ರೀಯ ತೂಕ-ಅಳತೆ ಸಂಸ್ಥೆಯ, ಮತ್ತು ಬೇರೆ ದೇಶಗಳ ಸೇರುಗಳ ಜೊತೆ ತಾಳೆ ನೋಡುತ್ತಿರುತ್ತಾರೆ.

ಅವರು ಮಾಡುವ ಇನ್ನೊಂದು ಕೆಲಸ ನನಗೆ ಇನ್ನೂ ಹಿಡಿಸಿತು. ಕ್ಯಾನ್ಸರಿಗೆ ವಿಕಿರಣ ಚಿಕಿತ್ಸೆ ಕೊಡುವ ಆಸ್ಪತ್ರೆಗಳಿಗೆ ಅಂಚೆಯಲ್ಲಿ ಒಂದು ಪುಟ್ಟ ಪೊಟ್ಟಣ ಹೋಗುತ್ತದೆ. ಅದರೊಳಗೆ ವಿಕಿರಣವನ್ನು ನೆನಪಿಟ್ಟುಕೊಳ್ಳುವ ಒಂದು ಪುಡಿ. ಆಮೇಲೆ ಬಿಸಿ ಮಾಡಿದರೆ ತಾನು ಉಂಡ ವಿಕಿರಣಕ್ಕೆ ತಕ್ಕಷ್ಟು ಬೆಳಕು ಸೂಸುತ್ತದೆ. ಆಸ್ಪತ್ರೆಯವರು ಅದಕ್ಕೆ ಹೇಳಿದಷ್ಟು ಡೋಸು ಕೊಟ್ಟು, ನಾವು ಇಷ್ಟು ಕೊಟ್ಟಿದ್ದೇವೆ ಎಂದು ಬರೆದು ವಾಪಸ್ ಕಳಿಸಬೇಕು. ಟ್ರಾಂಬೆಯಲ್ಲಿ ಪುಡಿಯನ್ನು ಬಿಸಿ ಮಾಡಿ, ಆಸ್ಪತ್ರೆಯ ಮಾತಿಗೂ ಪುಡಿಯ ಮಾತಿಗೂ ಎಷ್ಟು ಅಂತರ ಎಂದು ನೋಡುತ್ತಾರೆ. ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ ಸೇರಿ 1969ರಿಂದ ಜಗತ್ತಿನಾದ್ಯಂತ ಹೀಗೆ ಪೊಟ್ಟಣ ಕಳಿಸುತ್ತಿವೆ. ಶೇಕಡಾ 5ರೊಳಗಿದ್ದರೆ ಸರಿ, ಆಚೆಗೆ ಹೋದರೆ ಮತ್ತೊಂದು ಪೊಟ್ಟಣ, ಆಗಲೂ ಹೊಂದದಿದ್ದರೆ ಮುಂದಿನ ವಿಚಾರಣೆ. ಮಾತನಾಡದ ಒಂದು ಚಿಟಿಕೆ ಪುಡಿ ಆಸ್ಪತ್ರೆಯ ಎಂಜಿನಿಯರನ ಮಾತಿಗೆ ಸಾಕ್ಷಿ ನಿಲ್ಲುತ್ತದೆ.

ಅದು ಬರೀ ಶಿಸ್ತಿನ ಮಾತಲ್ಲ. 1988ರಲ್ಲಿ ಬ್ರಿಟನ್ನಿನ ಎಕ್ಸೆಟರಿನ ಆಸ್ಪತ್ರೆಯಲ್ಲಿ ಹೊಸ ಕೋಬಾಲ್ಟ್ ಮೂಲವನ್ನು ಕೂಡಿಸಿದರು. ಮಾಪಾಂಕನದ ಲೆಕ್ಕ ತಪ್ಪಿತು. 207 ರೋಗಿಗಳಿಗೆ ಶೇಕಡಾ 25ರಷ್ಟು ಹೆಚ್ಚು ಡೋಸು ಹೋಯಿತು. ಒಳಗಿನ ಯಾರಿಗೂ ಅದು ಕಾಣಲಿಲ್ಲ, ಯಾಕೆಂದರೆ ಅವರ ಲೆಕ್ಕ ಅವರ ಲೆಕ್ಕಕ್ಕೆ ಸರಿಯಾಗಿಯೇ ಹೊಂದುತ್ತಿತ್ತು. ಸಿಕ್ಕಿಬಿದ್ದದ್ದು ದೇಶದ ಆಸ್ಪತ್ರೆಗಳ ಡೋಸುಗಳನ್ನು ಒಂದಕ್ಕೊಂದು ಹೋಲಿಸುವ ತಂಡ ಅಲ್ಲಿಗೆ ಬಂದಾಗ. ಅದೇ ದೇಶದ ಸ್ಟೋಕ್‌ನಲ್ಲಿ ಇದಕ್ಕೆ ತಿರುಗು ಮುರುಗು. 1982ರಲ್ಲಿ ಚಿಕಿತ್ಸೆಯ ಲೆಕ್ಕಕ್ಕೆ ಕಂಪ್ಯೂಟರು ಬಂತು. ದೂರಕ್ಕೆ ತಕ್ಕ ತಿದ್ದುಪಡಿಯನ್ನು ತಂತ್ರಾಂಶ ತಾನೇ ಮಾಡುತ್ತಿತ್ತು. ಅದು ಗೊತ್ತಿಲ್ಲದೆ ಸಿಬ್ಬಂದಿ ಹಳೆಯ ಅಭ್ಯಾಸದಂತೆ ಕೈಯಲ್ಲಿ ಇನ್ನೊಮ್ಮೆ ತಿದ್ದುತ್ತಿದ್ದರು. ಸುಮಾರು ಸಾವಿರ ರೋಗಿಗಳಿಗೆ ಬೇಕಾದ್ದಕ್ಕಿಂತ ಕಡಿಮೆ ಡೋಸು, 1991ರಲ್ಲಿ ಹೊಸ ವ್ಯವಸ್ಥೆ ಬರುವವರೆಗೆ, ಒಂಬತ್ತು ವರ್ಷ. ಹೆಚ್ಚಾದರೆ ಚರ್ಮ ಸುಡುತ್ತದೆ, ರೋಗಿ ಕೂಗುತ್ತಾನೆ. ಕಡಿಮೆಯಾದರೆ ಯಾರಿಗೂ ನೋವಿಲ್ಲ, ಅಡ್ಡಪರಿಣಾಮ ಕಡಿಮೆ, ಎಲ್ಲರಿಗೂ ಸಂತೋಷ. ನಂತರ ರೋಗ ಮರುಕಳಿಸಿದರೆ ಅದು ರೋಗದ ಗುಣ ಎನಿಸಿಕೊಳ್ಳುತ್ತದೆ. ತಂತ್ರಾಂಶದ ಕೆಲಸ ಮಾಡುವ ನನಗೆ ಎಕ್ಸೆಟರಿಗಿಂತ ಸ್ಟೋಕ್ ಹೆಚ್ಚು ಭಯ ಹುಟ್ಟಿಸುತ್ತದೆ.

ಅಲ್ಲಿ ಕೆಲಸ ಮಾಡಿದವರು ಕೆಟ್ಟವರೇ? ನನಗೆ ಹಾಗನಿಸುವುದಿಲ್ಲ. ಬೆಳಿಗ್ಗೆ ಬಂದು, ನಿಯಮ ಪಾಲಿಸಿ, ಎರಡು ಸಲ ಗುಣಿಸಿ, ಸಹಿ ಹಾಕಿ ಮನೆಗೆ ಹೋದವರು. ಅವರ ಮನಸ್ಸಾಕ್ಷಿ ಅವರಿಗೆ ಏನೂ ಹೇಳಿರಲಿಕ್ಕಿಲ್ಲ. ಮನಸ್ಸಾಕ್ಷಿಯೂ ಒಂದು ಉಪಕರಣವಲ್ಲವೇ, ಅದರ ಮಾಪಾಂಕನ ಯಾರು ಮಾಡುತ್ತಾರೆ? 'ನನ್ನ ಮನಸ್ಸಿಗೆ ಸರಿಯೆನಿಸಿದ್ದನ್ನು ಮಾಡಿದೆ' ಎನ್ನುವುದನ್ನು ನಾವು ನೈತಿಕತೆಯ ಕೊನೆಯ ಮಾತು ಎಂಬಂತೆ ಹೇಳುತ್ತೇವೆ. ಆದರೆ ಆ ಮಾತು 'ನಮ್ಮ ಮನೆಯ ಸೇರಿನಲ್ಲಿ ಸರಿಯಾಗಿಯೇ ಅಳೆದೆ' ಎನ್ನುವುದಕ್ಕಿಂತ ಹೆಚ್ಚಿನದೇನಲ್ಲ.

ಪರೀಕ್ಷೆಗೆ ಒಡ್ಡಿಕೊಳ್ಳುವುದರಲ್ಲೂ ಕಳ್ಳದಾರಿಗಳಿವೆ. ನಮ್ಮಲ್ಲಿ ಮಾನ್ಯತೆ ಬೇಕಾದ ಲ್ಯಾಬುಗಳು ಆಗಾಗ ಇಂಥ ಹೋಲಿಕೆಯ ಪರೀಕ್ಷೆಗೆ ಕೂರಬೇಕು. ಒಂದೇ ಮಾದರಿ ಎಲ್ಲರಿಗೂ ಹೋಗುತ್ತದೆ, ಪ್ರತಿ ಲ್ಯಾಬಿಗೂ ಝಡ್-ಸ್ಕೋರು ಎಂಬ ಅಂಕ ಬರುತ್ತದೆ. 2ರೊಳಗಿದ್ದರೆ ಪಾಸು, 3 ದಾಟಿದರೆ ನಪಾಸು. ಕೆಲವೆಡೆ ಲ್ಯಾಬಿನವರು ಉತ್ತರ ಕಳಿಸುವ ಮೊದಲು ಪರಸ್ಪರ ಫೋನು ಮಾಡಿ 'ನಿಮ್ಮದೆಷ್ಟು ಬಂತು' ಎಂದು ಕೇಳಿಕೊಳ್ಳುತ್ತಾರೆ. ಇಂಥ ಒಳಒಪ್ಪಂದವನ್ನು ತಡೆಯಬೇಕೆಂದು ಅಂತರರಾಷ್ಟ್ರೀಯ ನಿಯಮಾವಳಿಯಲ್ಲೇ ಬರೆದಿದೆ, ಅಂದರೆ ಅದು ಎಷ್ಟು ಸಹಜವಾದ ಆಸೆ ಎಂದು ನೋಡಿ. ಅಂಥ ಅಳತೆಗಳು ಸೊಗಸಾಗಿ ಹೊಂದುತ್ತವೆ. ಸಾಕ್ಷಿಗಳು ಕೋರ್ಟಿನ ಹೊರಗೆ ಚಹಾ ಕುಡಿಯುತ್ತಾ ಮಾತಾಡಿಕೊಂಡು ಬಂದ ಹಾಗೆ.

ಇಲ್ಲಿಯವರೆಗೆ ಬೇರೆಯವರ ತಪ್ಪು ಬರೆದೆ. ಈಗ ನನ್ನದು.

ಸುಮಾರು ಒಂಬತ್ತು ವರ್ಷದ ಹಿಂದೆ ನಮ್ಮ ತಂಡ ಹಲವು ಶಾಖೆಗಳಿರುವ ಒಂದು ಡಯಾಗ್ನೊಸ್ಟಿಕ್ ಸಂಸ್ಥೆಗೆ ರಿಪೋರ್ಟಿನ ತಂತ್ರಾಂಶ ಮಾಡಿಕೊಟ್ಟಿತ್ತು. ರೋಗಿ ತನ್ನ ಎಲ್ಲ ಹಳೆಯ ಫಲಿತಾಂಶಗಳನ್ನು ಒಂದೇ ಗ್ರಾಫಿನಲ್ಲಿ ನೋಡಬಹುದು ಎನ್ನುವುದು ಅದರ ದೊಡ್ಡ ಆಕರ್ಷಣೆ. ಗ್ರಾಹಕರಿಗೆ ತೋರಿಸುವಾಗ ಆ ಪರದೆಯನ್ನೇ ಮೊದಲು ತೆರೆಯುತ್ತಿದ್ದೆವು. ನಮ್ಮ ತಂಡದಲ್ಲಿ ಆಗಷ್ಟೇ ಸೇರಿದ ಟೆಸ್ಟರ್ ಹುಡುಗಿಯೊಬ್ಬಳು ಒಂದು ದೋಷ ದಾಖಲಿಸಿದಳು. ಮೂಳೆ ಸಾಂದ್ರತೆಯ ಗ್ರಾಫಿನಲ್ಲಿ ಬೇರೆ ಬೇರೆ ಶಾಖೆಗಳ ಬೇರೆ ಬೇರೆ ಕಂಪನಿಯ ಯಂತ್ರಗಳ ಅಂಕಿಗಳನ್ನು ಒಂದೇ ಗೆರೆಯಿಂದ ಜೋಡಿಸಲಾಗುತ್ತಿದೆ, ಇದರಿಂದ ರೋಗಿಗೆ ತಪ್ಪು ಅರ್ಥ ಹೋಗುತ್ತದೆ ಎಂದು ಬರೆದಿದ್ದಳು. ಅದು ಅವಳಿಗೆ ಹೇಗೆ ಗೊತ್ತಾಯಿತೆಂದು ನಾನು ಕೇಳಲಿಲ್ಲ. ಅವಳು ಯಂತ್ರದ ಕೈಪಿಡಿ ಓದಿದ್ದಿರಬೇಕು, ನಾನು ಓದಿರಲಿಲ್ಲ. ಗೋ-ಲೈವ್‌ಗೆ ಹನ್ನೊಂದು ದಿನ ಬಾಕಿ ಇತ್ತು. ನಾನು ಅದನ್ನು 'ದೋಷ'ದಿಂದ ತೆಗೆದು 'ಸುಧಾರಣೆ' ಎಂಬ ಪಟ್ಟಿಗೆ ಹಾಕಿದೆ, ಮುಂದಿನ ಹಂತಕ್ಕೆ ಎಂದು ಬರೆದೆ. ಮುಂದಿನ ಹಂತ ಬರಲಿಲ್ಲ. ಒಪ್ಪಂದ ಮುಗಿಯಿತು, ನಾವು ಬೇರೆ ಕೆಲಸಕ್ಕೆ ಹೋದೆವು. ಆ ವರ್ಷ ನನ್ನ ಪ್ರಾಜೆಕ್ಟಿಗೆ ಗುಣಮಟ್ಟದ ಪ್ರಶಸ್ತಿಯೊಂದು ಬಂದಿತ್ತು, ಅದರ ಅಂಕಗಳಲ್ಲಿ ಬಾಕಿ ಉಳಿದ ದೋಷಗಳ ಸಂಖ್ಯೆ ಸೊನ್ನೆ. ಆ ಸೊನ್ನೆ ಸುಳ್ಳಲ್ಲ. ಪಟ್ಟಿಯಲ್ಲಿ ದೋಷ ಇರಲೇ ಇಲ್ಲ.

ಊಟದ ಮೇಜಿನ ಮೇಲೆ 0.794 ಮತ್ತು 0.856 ಎಂಬ ಎರಡು ಅಂಕಿ ನೋಡಿದಾಗ ನನ್ನ ಕೈ ತಾನಾಗಿ ಮನಸ್ಸಿನಲ್ಲಿ ಒಂದು ಗೆರೆ ಎಳೆಯಿತು. ಮೇಲಕ್ಕೆ ಹೋಗುವ ಗೆರೆ. ಟಿ-ಸ್ಕೋರಿಗೆ ಇನ್ನೊಂದು ಗೆರೆ, ಕೆಳಕ್ಕೆ. ಆಗ ನೆನಪಾಯಿತು. ಆ ತಂತ್ರಾಂಶದಲ್ಲಿ ಎಷ್ಟು ತಾಯಂದಿರು ಕೆಳಗಿಳಿಯುವ ಗೆರೆ ನೋಡಿ ಹೆದರಿದರೋ, ಎಷ್ಟು ಜನ ಮೇಲೇರುವ ಗೆರೆ ನೋಡಿ ಮಾತ್ರೆ ನಿಲ್ಲಿಸಿದರೋ. ಸ್ಟೋಕ್‌ನ ಹಾಗೆ ಇದರಲ್ಲೂ ಯಾರೂ ಕೂಗುವುದಿಲ್ಲ.

ತಪ್ಪು ಗೊತ್ತಾದ ಮೇಲೆ ನಿನ್ನೆ ಅಳೆಸಿಕೊಂಡು ಹೋದವರಿಗೆ ನಾವು ಏನು ಬಾಕಿ? ಇದಕ್ಕೆ ಲ್ಯಾಬುಗಳ ನಿಯಮದಲ್ಲಿ ಉತ್ತರವಿದೆ. ಉಪಕರಣ ದಾರಿ ತಪ್ಪಿದೆ ಎಂದು ತಿಳಿದರೆ ಇವತ್ತಿನಿಂದ ಸರಿಮಾಡಿಕೊಂಡರೆ ಸಾಲದು. ಹಿಂದೆ ಕೊಟ್ಟ ಫಲಿತಾಂಶಗಳ ಮೇಲೆ ಏನು ಪರಿಣಾಮ ಆಗಿರಬಹುದೆಂದು ನೋಡಿ, ಬೇಕಾದರೆ ಅವರಿಗೆ ತಿಳಿಸಬೇಕು. ನಮ್ಮ ವೃತ್ತಿಯಲ್ಲಿ ನಾವು ಹೊಸ ಆವೃತ್ತಿ ಬಿಟ್ಟು ಕೈತೊಳೆದುಕೊಳ್ಳುತ್ತೇವೆ. ಹಿಂದಕ್ಕೆ ತಿರುಗಿ ನೋಡಬೇಕಾದ ಹೊಣೆ ಬಹುಶಃ ಎಲ್ಲಕ್ಕಿಂತ ಭಾರದ್ದು, ಯಾಕೆಂದರೆ ಕೇಳುವವರು ಯಾರೂ ಇರುವುದಿಲ್ಲ.

ನಾನು ಆ ಸಂಸ್ಥೆಯಲ್ಲಿ ಆಗ ನಮ್ಮೊಡನೆ ಕೆಲಸ ಮಾಡಿದ್ದವರಿಗೆ ಮೇಲ್ ಬರೆದೆ. ಎರಡು ವಾರದ ನಂತರ ಸೌಜನ್ಯದ ಉತ್ತರ ಬಂತು. ಆ ತಂತ್ರಾಂಶವನ್ನು ಕೆಲವು ವರ್ಷಗಳ ಹಿಂದೆಯೇ ತೆಗೆದುಹಾಕಿದ್ದಾರೆ, ಹೊಸದರಲ್ಲಿ ಆ ಗ್ರಾಫ್ ಇಲ್ಲ. ಆದರೆ ಆಗ ಇಳಿಸಿಕೊಂಡ ಕಾಗದಗಳು ಜನರ ಮನೆಗಳಲ್ಲಿ, ಫೈಲುಗಳಲ್ಲಿ ಇವೆ. ಆ ಹುಡುಗಿಯ ನಂಬರನ್ನು ಹುಡುಕಿ ಫೋನು ಮಾಡಿದೆ. ಈಗ ಪುಣೆಯಲ್ಲಿದ್ದಾಳೆ, ತಾನೇ ಒಂದು ತಂಡ ನಡೆಸುತ್ತಾಳೆ. ವಿಷಯ ಹೇಳಿದೆ. "ನೆನಪಿದೆ ಸರ್, ಅದು ನನ್ನ ಮೊದಲ ಪ್ರಾಜೆಕ್ಟ್" ಅಂದಳು. ಸ್ವಲ್ಪ ಹೊತ್ತು ಬಿಟ್ಟು, "ಆಮೇಲೆ ನಾನು ಅಂಥದ್ದನ್ನು ಬರೆಯುವುದು ಕಡಿಮೆ ಮಾಡಿದೆ" ಅಂದಳು. ನಾನು ನಿರೀಕ್ಷಿಸಿದ್ದು ಈ ಮಾತನ್ನಲ್ಲ. ರೋಗಿಗಳಿಗೆ ಆದದ್ದರ ಲೆಕ್ಕ ಹಾಕುತ್ತಿದ್ದವನಿಗೆ ಇದು ಲೆಕ್ಕದಲ್ಲೇ ಇರಲಿಲ್ಲ. ಕ್ಷಮೆ ಕೇಳಿದೆ. ಅವಳು ನಕ್ಕು, ಅಮ್ಮ ಹೇಗಿದ್ದಾರೆ ಎಂದು ವಿಚಾರಿಸಿದಳು.

ಅಮ್ಮನ ವಿಷಯ ಕೊನೆಗೆ ಬಗೆಹರಿದದ್ದು ಅಂಕಿಯಿಂದಲ್ಲ. ಮುಲುಂಡಿನ ಒಬ್ಬ ಹಿರಿಯ ಮೂಳೆ ವೈದ್ಯರು ಎರಡೂ ರಿಪೋರ್ಟುಗಳನ್ನು ಅರ್ಧ ನಿಮಿಷ ನೋಡಿ ಪಕ್ಕಕ್ಕಿಟ್ಟರು. "ಯಾವಾಗಲಾದರೂ ಬಿದ್ದು ಮೂಳೆ ಮುರಿದಿತ್ತಾ?" ಎಂದು ಅವಳನ್ನೇ ಕೇಳಿದರು. ಆರು ವರ್ಷದ ಹಿಂದೆ ಊರಿನ ಬಚ್ಚಲಲ್ಲಿ ಕಾಲು ಜಾರಿ ಕೂತಾಗ ಮಣಿಕಟ್ಟು ಮುರಿದಿದ್ದು ಆಗ ಹೊರಬಂತು. ಎರಡು ಲ್ಯಾಬುಗಳಲ್ಲೂ ಅವಳು ಅದನ್ನು ಹೇಳಿರಲಿಲ್ಲ, ಅವರು ಕೇಳಿರಲೂ ಇಲ್ಲ. ನಿಂತ ಎತ್ತರದಿಂದ ಬಿದ್ದು ಮೂಳೆ ಮುರಿಯಿತು ಎಂದರೆ 2.3 ಆದರೇನು 2.7 ಆದರೇನು, ಔಷಧ ಶುರು ಮಾಡೋಣ ಎಂದರು. ಮನೆಗೆ ಬರುವಾಗ ರಿಕ್ಷಾದಲ್ಲಿ ಅಮ್ಮ, "ಅವ್ರ್ ಅಳೀಲೇ ಇಲ್ಲ ಅಲ್ದಾ?" ಎಂದು ಮೆಚ್ಚುಗೆಯಿಂದ ಹೇಳಿದಳು. ಅಳೆದರು ಅಮ್ಮ, ಬೇರೆ ಸೇರಿನಲ್ಲಿ ಅಳೆದರು ಎಂದೆ.

ಮುಂದಿನ ಸ್ಕ್ಯಾನ್ ಎರಡು ವರ್ಷದ ನಂತರ. ದಾದರಿನ ಲ್ಯಾಬಿಗೇ ಹೋಗುವುದೆಂದು ನಿಶ್ಚಯಿಸಿದ್ದೇವೆ. ಲಕೋಟೆಯ ಮೇಲೆ ಯಂತ್ರದ ಹೆಸರು, ಯಾವ ಕಶೇರುಕ ಬಿಟ್ಟಿದ್ದಾರೆ ಎಂಬುದನ್ನು ದೊಡ್ಡದಾಗಿ ಬರೆದು ಅಮ್ಮನ ರೇಶನ್ ಕಾರ್ಡಿನ ಜೊತೆ ರಬ್ಬರ್ ಬ್ಯಾಂಡ್ ಹಾಕಿ ಇಟ್ಟಿದ್ದೇನೆ. ಹೋಗುವ ಮೊದಲು ಫೋನು ಮಾಡಿ, ಅದೇ ಯಂತ್ರ ಇದೆಯೇ, ಬದಲಾಗಿದ್ದರೆ ಹಳತರ ಜೊತೆ ತಾಳೆ ನೋಡಿದ್ದೀರಾ ಎಂದು ಕೇಳಬೇಕು.